ದೀಪ ಹಚ್ಚಿಟ್ಟು ತನ್ನನ್ನೇ ಹುಡುಕಿದ ದಿಙ್ನಾಗ

ಅಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ಪೌತಿ ಖಾತೆ ಮಾಡಿಸೋಕೆ ಅಂತ ಅಮ್ಮನನ್ನು ಕರೆದುಕೊಂಡು ಕಚೇರಿಯೊಂದಕ್ಕೆ ಹೋಗಿದ್ದೆ. ಪಹಣಿಯಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಅಪ್ಪ’ ಅಂತ ಇತ್ತು. ಆಧಾರ್ ಕಾರ್ಡಿನಲ್ಲಿ ಅದು ‘ಅಣ್ಣ’ ಆಗಿತ್ತು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ, ಮುಂದೊಂದು ಇನಿಷಿಯಲ್ ಅಷ್ಟೇ. ಗುಮಾಸ್ತರು ಕಾಗದಗಳನ್ನು ತಿರುವಿ ಹಾಕಿ, ಈ ಮೂರೂ ಹೆಸರಿನವರು ಒಬ್ಬರೇ ಅಂತ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಅಂದರು. ಅದೂ ಮಕ್ಕಳು ಕೊಟ್ಟರೆ ಆಗಲ್ಲ, ಹೆಂಡತಿಯೇ ಕೊಡಬೇಕು ಅಂದರು. ಕೆಲಸ ಒಂದು ವಾರ ಮುಂದೆ ಹೋಯ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ವಿಷಯ ತಲೆ ತಿನ್ನುತ್ತಿತ್ತು. ಮೂರು ಹೆಸರು, ಒಬ್ಬ ಮನುಷ್ಯ. ಸರಿ. ಆದರೆ ಆ ಮನುಷ್ಯ ಈಗ ಇಲ್ಲ, ಮೂರು ಹೆಸರೂ ಇವೆ. ಹಾಗಾದರೆ ಅವು ಇಷ್ಟು ದಿನ ಯಾವುದಕ್ಕೆ ಅಂಟಿಕೊಂಡಿದ್ದವು?

ಆಗ ನೆನಪಾದವನು ದಿಙ್ನಾಗ. ಎಂಜಿನಿಯರಿಂಗ್ ಓದಿದ ನನಗೆ ಮೊದಲು ಅವನು ಸಿಕ್ಕಿದ್ದು ತರ್ಕಶಾಸ್ತ್ರದ ಇತಿಹಾಸದ ಪುಟಗಳಲ್ಲಿ. ಅವನನ್ನು ಮತ್ತೆ ತೆಗೆದು ಓದಿದ್ದು ಈ ಅಫಿಡವಿಟ್ಟಿನ ವಾರದಲ್ಲಿ. ಹೆಸರು ಅಂದರೇನು, ಅದು ಹೇಗೆ ಕೆಲಸ ಮಾಡುತ್ತೆ ಅಂತ ಸುಮಾರು 1500 ವರ್ಷಗಳ ಹಿಂದೆ ಜೀವನವಿಡೀ ತಲೆ ಕೆಡಿಸಿಕೊಂಡಿದ್ದವನು ಅವನು.

ಕಾಳಿದಾಸನನ್ನು ಓದಿದವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತಿರಬಹುದು. ದಿಙ್ನಾಗ ಅಂದರೆ ದಿಕ್ಕಿನ ಆನೆ, ದಿಗ್ಗಜ. ಮೇಘದೂತದಲ್ಲಿ ಮೋಡಕ್ಕೆ ದಾರಿ ಹೇಳುವಾಗ ಈ ಪದ ಒಂದು ಕಡೆ ಬರುತ್ತೆ. ವ್ಯಾಖ್ಯಾನ ಬರೆದ ಮಲ್ಲಿನಾಥ ಅಲ್ಲಿ ಶ್ಲೇಷೆ ಕಂಡ. ಇದು ಬರೀ ಆನೆಯಲ್ಲ, ಕಾಳಿದಾಸನ ಕಾವ್ಯವನ್ನು ಟೀಕಿಸುತ್ತಿದ್ದ ದಿಙ್ನಾಗನೆಂಬ ಪಂಡಿತನ ಮೇಲಿನ ಕುಟುಕು ಅಂದ. ಆ ಒಂದು ಮಾತನ್ನು ಹಿಡಿದುಕೊಂಡು ಕಾಳಿದಾಸನ ಕಾಲವನ್ನೇ ಲೆಕ್ಕ ಹಾಕಲು ಹೊರಟವರೂ ಇದ್ದಾರೆ. ಇನ್ನು ‘ಕುಂದಮಾಲಾ’ ನಾಟಕದ ಕರ್ತೃವಿನ ಹೆಸರು ಕೆಲವು ಹಸ್ತಪ್ರತಿಗಳಲ್ಲಿ ದಿಙ್ನಾಗ, ಕೆಲವುಗಳಲ್ಲಿ ಧೀರನಾಗ. ರಾಮಾಯಣದ ಕಥೆ ಬರೆದ ಆ ನಾಟಕಕಾರ ಮತ್ತು ನಮ್ಮ ಬೌದ್ಧ ತಾರ್ಕಿಕ ಒಬ್ಬರಲ್ಲ. ಟಿಬೆಟ್ಟಿನವರು ದಿಙ್ನಾಗ ಅನ್ನೋ ಹೆಸರನ್ನು ಅರ್ಥಕ್ಕೆ ತಕ್ಕಂತೆ ತಮ್ಮ ಭಾಷೆಗೆ ಅನುವಾದಿಸಿಕೊಂಡರು. ಚೀನೀಯರು ಸದ್ದು ಹಿಡಿದು ಚೆನ್‌ನಾ ಅಂದರು. ಅಂದರೆ ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಂಡ ಈ ಮನುಷ್ಯನಿಗೂ ಒಂದು ಅಫಿಡವಿಟ್ ಬೇಕು.

ಅವನ ಕಾಲ ಸುಮಾರು ಕ್ರಿ.ಶ. 480ರಿಂದ 540 ಅಂತ ವಿದ್ವಾಂಸರ ಅಂದಾಜು. ಬದುಕಿನ ವಿವರಗಳು ಹೆಚ್ಚಾಗಿ ಸಿಗೋದು ಟಿಬೆಟ್ಟಿನ ಎರಡು ಇತಿಹಾಸ ಗ್ರಂಥಗಳಲ್ಲಿ. ಒಂದು ಬುತೋನ್ 1322ರಲ್ಲಿ ಬರೆದದ್ದು, ಇನ್ನೊಂದು ತಾರಾನಾಥ 1608ರಲ್ಲಿ ಬರೆದದ್ದು. ದಿಙ್ನಾಗ ಸತ್ತು ಏಳೆಂಟು ನೂರು, ಸಾವಿರ ವರ್ಷ ಆದ ಮೇಲಿನ ಮಾತು ಇವು. ಹಾಗಾಗಿ ಮುಂದೆ ನಾನು ಹೇಳೋದರಲ್ಲಿ ಕಥೆ ಎಷ್ಟೋ ಇದೆ. ಕಥೆಯನ್ನು ಕಥೆ ಅಂತಲೇ ತಗೊಳ್ಳಿ. ಆದರೆ ಅವನ ಚಿಂತನೆ ಗೊತ್ತಿದ್ದವರೇ ಕಟ್ಟಿದ ಕಥೆಗಳು ಇವು ಅನ್ನೋದನ್ನೂ ಮರೀಬೇಡಿ.

ಹುಟ್ಟಿದ್ದು ಕಂಚಿಯ ಹತ್ತಿರದ ಒಂದು ಊರಿನಲ್ಲಿ, ಬ್ರಾಹ್ಮಣ ಕುಟುಂಬದಲ್ಲಿ. ವೇದ, ಶಾಸ್ತ್ರ ಎಲ್ಲ ಓದಿಕೊಂಡ. ನಂತರ ನಾಗದತ್ತ ಎಂಬ ಆಚಾರ್ಯನ ಹತ್ತಿರ ಬೌದ್ಧ ಭಿಕ್ಷುವಾದ. ನಾಗದತ್ತ ವಾತ್ಸೀಪುತ್ರೀಯ ಪಂಥದವನು. ಈ ಪಂಥದ ವಿಷಯ ಸ್ವಲ್ಪ ಹೇಳಬೇಕು, ಯಾಕಂದರೆ ಕಥೆ ತಿರುಗೋದೇ ಅಲ್ಲಿ.

ಬುದ್ಧ ಹೇಳಿದ್ದು ಅನಾತ್ಮ. ಮನುಷ್ಯನನ್ನು ಬಿಡಿಸಿ ನೋಡಿದರೆ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಅನ್ನೋ ಐದು ಸ್ಕಂಧಗಳು ಸಿಗ್ತವೆ, ಅವೂ ಕ್ಷಣಕ್ಷಣಕ್ಕೂ ಬದಲಾಗ್ತಾ ಇರ್ತವೆ. ಅವುಗಳ ಹಿಂದೆ ಒಡೆಯನಂತೆ ಕೂತ ಆತ್ಮ ಅಂತ ಒಂದಿಲ್ಲ. ನಾಗಸೇನನೂ ಯವನ ದೊರೆ ಮಿಲಿಂದನೂ ರಥದ ಉದಾಹರಣೆ ಇಟ್ಟುಕೊಂಡು ಮಾತಾಡಿದ್ದು ಇದನ್ನೇ. ಅಚ್ಚು, ಗಾಲಿ, ನೊಗ ಎಲ್ಲ ಬಿಚ್ಚಿಟ್ಟ ಮೇಲೆ ರಥ ಅಂತ ಬೇರೆ ಉಳಿಯೋದೇನು? ನಾಗಸೇನ ಅನ್ನೋದೂ ಹಾಗೇ ಕರೆಯೋಕೆ ಇಟ್ಟುಕೊಂಡ ಒಂದು ಹೆಸರು.

ಆದರೆ ಇದನ್ನು ಒಪ್ಪಿಕೊಂಡರೆ ಒಂದು ಕಷ್ಟ ಬರುತ್ತೆ. ಒಡೆಯನೇ ಇಲ್ಲದಿದ್ದರೆ ನಿನ್ನೆ ಮಾಡಿದ ಕರ್ಮದ ಫಲ ಇವತ್ತು ಉಣ್ಣೋದು ಯಾರು? ಹಳೆಯದನ್ನು ನೆನಪಿಟ್ಟುಕೊಳ್ಳೋದು ಯಾರು? ವಾತ್ಸೀಪುತ್ರೀಯರು ಇದಕ್ಕೆ ನಡುದಾರಿ ಹುಡುಕಿದರು. ‘ಪುದ್ಗಲ’ ಅಂತ ಒಂದಿದೆ, ಅದು ಸ್ಕಂಧಗಳೇ ಅಲ್ಲ, ಸ್ಕಂಧಗಳಿಗಿಂತ ಬೇರೆಯೂ ಅಲ್ಲ, ಅದನ್ನು ಹೀಗೆ ಅಂತ ಮಾತಿನಲ್ಲಿ ಹೇಳೋಕಾಗಲ್ಲ ಅಂದರು. ಬೆಂಕಿಗೂ ಸೌದೆಗೂ ಇರೋ ಸಂಬಂಧದ ಹಾಗೆ ಅನ್ನೋದು ಅವರ ಉಪಮೆ. ನಗಬೇಡಿ. ಮನೆಯಲ್ಲಿ ಸಾವು ನೋಡಿದ ಯಾರಿಗಾದರೂ ಈ ಪುದ್ಗಲ ಬೇಕು ಅನ್ನಿಸುತ್ತೆ. ನನಗೂ ಅನ್ನಿಸಿತ್ತು.

ನಾಗದತ್ತ ಶಿಷ್ಯನಿಗೆ ಕೊಟ್ಟ ಸಾಧನೆ ಇದೇ: ಆ ಹೇಳಲಾಗದ ಪುದ್ಗಲವನ್ನು ಧ್ಯಾನದಲ್ಲಿ ಹುಡುಕು. ಹುಡುಗ ಹುಡುಕಿದ. ಎಷ್ಟು ದಿನ ಕೂತರೂ ಸಿಗಲಿಲ್ಲ. ಕೊನೆಗೆ ಒಂದು ಕೆಲಸ ಮಾಡಿದ. ಹಗಲು ಹೊತ್ತು ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟ. ರಾತ್ರಿ ನಾಲ್ಕು ದಿಕ್ಕಿಗೂ ದೀಪ ಹಚ್ಚಿಟ್ಟ. ಉಟ್ಟಿದ್ದ ಚೀವರ ಕಳಚಿ ಬೆತ್ತಲೆ ನಿಂತು, ಮೈಯ ಒಳಗೂ ಹೊರಗೂ ಮತ್ತೆ ಮತ್ತೆ ನೋಡಿಕೊಂಡ.

ಜೊತೆಯವನೊಬ್ಬ ಇದನ್ನು ಕಂಡು ಆಚಾರ್ಯನಿಗೆ ಚಾಡಿ ಹೇಳಿದ. ನಾಗದತ್ತ ಕರೆಸಿ ಕೇಳಿದ, ಏನಿದು ಅವತಾರ ಅಂತ. ದಿಙ್ನಾಗ ವಿನಯವಾಗಿಯೇ ಉತ್ತರ ಕೊಟ್ಟ. ನಾನು ಮಂದಬುದ್ಧಿಯವನು, ತಾವು ಹೇಳಿದ್ದು ನನಗೆ ಕಾಣುತ್ತಿಲ್ಲ, ಏನಾದರೂ ಅಡ್ಡ ಇದೆಯೇನೋ ಅಂತ ಒಂದೊಂದೇ ಅಡ್ಡ ತೆಗೆದು ನೋಡ್ತಾ ಇದ್ದೀನಿ ಅಂದ. ಗುರುವಿಗೆ ಅರ್ಥವಾಗದೇ ಇರಲಿಲ್ಲ. ನನ್ನ ಸಿದ್ಧಾಂತವನ್ನೇ ಅಣಕಿಸ್ತಿದ್ದೀಯ, ಹೊರಡು ಅಂದ. ವಾದಕ್ಕೆ ನಿಂತರೆ ಗುರುವನ್ನು ಸೋಲಿಸುವ ಶಕ್ತಿ ಶಿಷ್ಯನಿಗಿತ್ತು, ಆದರೆ ಗುರುವಿನ ಮುಂದೆ ಅದು ಸಲ್ಲದು ಅಂತ ನಮಸ್ಕಾರ ಮಾಡಿ ಹೊರಟ ಅಂತ ತಾರಾನಾಥ ಬರೀತಾನೆ.

ನನಗೆ ದಿಙ್ನಾಗನ ಬದುಕಿನಲ್ಲಿ ಬಹಳ ಇಷ್ಟವಾದ ಜಾಗ ಇದು. ಅವನು ಗುರುವಿನ ಮಾತನ್ನು ತಳ್ಳಿಹಾಕಲಿಲ್ಲ, ಪರೀಕ್ಷೆ ಮಾಡಿದ. ಬೆಳಕು ಸಾಲದೇನೋ, ಬಟ್ಟೆ ಅಡ್ಡವೇನೋ ಅಂತ ಒಂದೊಂದೇ ಕಾರಣವನ್ನು ಕಳೆಯುತ್ತಾ ಹೋದ. ಕೆಟ್ಟ ಸರ್ಕ್ಯೂಟ್ ಕೊಟ್ಟು ದೋಷ ಹುಡುಕಿ ಅಂದರೆ ಲ್ಯಾಬಿನಲ್ಲಿ ನಾವು ಮಾಡ್ತಿದ್ದದ್ದೂ ಇದನ್ನೇ.

ಅಲ್ಲಿಂದ ಅವನು ಉತ್ತರಕ್ಕೆ ಹೋಗಿ ವಸುಬಂಧುವಿನ ಶಿಷ್ಯನಾದ ಅನ್ನುತ್ತೆ ಪರಂಪರೆ. ವಸುಬಂಧುವಿನ ಅಭಿಧರ್ಮಕೋಶದ ಕೊನೆಯ ಅಧ್ಯಾಯ ಇರೋದೇ ಪುದ್ಗಲವಾದದ ಖಂಡನೆಗೆ. ಹಾಗಾಗಿ ಅವನು ಹುಡುಕಿಕೊಂಡು ಹೋದ ವಿಳಾಸ ಸರಿಯಾಗಿಯೇ ಇತ್ತು. ಅಲ್ಲಿ ಕಲಿತು ಒಡಿಶಾದ ಭೋಟಶೈಲ ಅನ್ನೋ ಗುಹೆಯಲ್ಲಿ ಒಬ್ಬನೇ ಇರತೊಡಗಿದ. ಅಷ್ಟರಲ್ಲಿ ನಾಲಂದಾದಿಂದ ಕರೆ ಬಂತು. ಸುದುರ್ಜಯ ಎಂಬ ವಾದಿ ಬಂದು ಎಲ್ಲರನ್ನೂ ಸೋಲಿಸುತ್ತಿದ್ದ, ಎದುರು ನಿಲ್ಲೋರು ಬೇಕಾಗಿತ್ತು. ದಿಙ್ನಾಗ ಹೋಗಿ ಗೆದ್ದ, ಅಲ್ಲಿ ಕೆಲಕಾಲ ಪಾಠ ಹೇಳಿದ, ಮತ್ತೆ ಗುಹೆಗೆ ಬಂದ.

ಆಗಿನ ಕಾಲದ ವಾದ ಅಂದರೆ ಟಿವಿ ಪ್ಯಾನೆಲ್ ಚರ್ಚೆ ಅಲ್ಲ ಸ್ವಾಮಿ. ಸೋತವನು ಗೆದ್ದವನ ಮತಕ್ಕೆ ಸೇರಬೇಕಾಗುತ್ತಿತ್ತು, ರಾಜನ ದತ್ತಿ ಈ ಮಠದಿಂದ ಆ ಮಠಕ್ಕೆ ಹೋಗಿಬಿಡುತ್ತಿತ್ತು. ಅಂಥ ಕಡೆ ನಮ್ಮ ಶಾಸ್ತ್ರದಲ್ಲಿ ಹೀಗಿದೆ ಅಂತ ನಾನು, ನಮ್ಮದರಲ್ಲಿ ಹಾಗಿದೆ ಅಂತ ನೀವು ಹೇಳುತ್ತಾ ಕೂತರೆ ತೀರ್ಮಾನ ಆಗೋದು ಹೇಗೆ? ಇಬ್ಬರೂ ಒಪ್ಪುವ ನಿಯಮ ಬೇಕು. ದಿಙ್ನಾಗ ಆ ನಿಯಮಗಳನ್ನು ಬರೆಯೋಕೆ ಕೂತ.

ಅವನ ‘ಹೇತುಚಕ್ರ’ ಅನ್ನೋ ಪುಟ್ಟ ಕೃತಿಯಲ್ಲಿ ಇರೋದು ಮೂರು ಸಾಲು, ಮೂರು ಕಂಬದ ಒಂದು ಕೋಷ್ಟಕ. ಬೆಟ್ಟದಲ್ಲಿ ಬೆಂಕಿ ಇದೆ, ಯಾಕಂದರೆ ಹೊಗೆ ಇದೆ ಅನ್ನುತ್ತೇವಲ್ಲ, ಆ ‘ಯಾಕಂದರೆ’ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷಿಸುವ ಯಂತ್ರ ಅದು. ಕೊಟ್ಟ ಕಾರಣ ನಮ್ಮ ಪಕ್ಷದ ಉದಾಹರಣೆಗಳಲ್ಲಿ ಎಲ್ಲ ಕಡೆ ಇದೆಯೋ, ಕೆಲವು ಕಡೆ ಇದೆಯೋ, ಎಲ್ಲೂ ಇಲ್ಲವೋ ನೋಡು. ವಿರುದ್ಧ ಪಕ್ಷದ ಉದಾಹರಣೆಗಳಲ್ಲೂ ಹಾಗೇ ನೋಡು. ಒಟ್ಟು 9 ಸಾಧ್ಯತೆ. ಅದರಲ್ಲಿ ಸರಿಯಾದ ಕಾರಣ 2 ಮಾತ್ರ. ಇನ್ನು 2 ನಾವು ಹೇಳಬೇಕೆಂದಿದ್ದಕ್ಕೆ ಉಲ್ಟಾ ಸಾಧಿಸುತ್ತವೆ. ಉಳಿದ 5ರಿಂದ ಏನೂ ತೀರ್ಮಾನ ಆಗಲ್ಲ. ಡಿಜಿಟಲ್ ಲಾಜಿಕ್ ಕ್ಲಾಸಿನಲ್ಲಿ ಟ್ರೂತ್ ಟೇಬಲ್ ಬರೆದವರಿಗೆ ಇದು ನೆಂಟನಂತೆ ಕಾಣುತ್ತೆ.

ಇದೆಲ್ಲವನ್ನೂ ಒಟ್ಟುಗೂಡಿಸಿ ಬರೆದ ದೊಡ್ಡ ಕೃತಿ ‘ಪ್ರಮಾಣಸಮುಚ್ಚಯ’. ಅದರ ಆರಂಭದ ಬಗ್ಗೆಯೂ ಒಂದು ಕಥೆ ಇದೆ. ಮೊದಲ ಶ್ಲೋಕವನ್ನು ಗುಹೆಯ ಬಂಡೆಯ ಮೇಲೆ ಬರೆದು ದಿಙ್ನಾಗ ಭಿಕ್ಷೆಗೆ ಹೋದ. ವಾಪಸ್ ಬಂದು ನೋಡಿದರೆ ಅಕ್ಷರ ಅಳಿಸಿಹೋಗಿದೆ. ಮತ್ತೆ ಬರೆದ, ಮತ್ತೆ ಯಾರೋ ಅಳಿಸಿದರು. ಮೂರನೇ ಸಲ ಬರೆಯುವಾಗ ಕೆಳಗೆ ಒಂದು ಸೂಚನೆ ಸೇರಿಸಿದ. ತಮಾಷೆಗೆ ಅಳಿಸೋದಾದರೆ ಬೇಡ, ಇದು ದೊಡ್ಡ ಕೆಲಸ. ಮನಸ್ಸಿಗೆ ಒಪ್ಪದೆ ಅಳಿಸೋದಾದರೆ ಎದುರು ಬಂದು ವಾದ ಮಾಡಿ. ಅಳಿಸುತ್ತಿದ್ದವನು ಕೃಷ್ಣಮುನಿರಾಜ ಎಂಬ ಅನ್ಯಮತದ ಪಂಡಿತ. ಕಾದು ನಿಂತು ವಾದ ಮಾಡಿದ, ಸೋತ. ಸೋತ ಮೇಲೆ ಮತ ಬದಲಿಸು ಅಂದಾಗ ಸಿಟ್ಟಿಗೆದ್ದು ಬಾಯಿಂದ ಬೆಂಕಿ ಉಗುಳಿ ಆಚಾರ್ಯನ ಬಟ್ಟೆಬರೆ ಸುಟ್ಟುಬಿಟ್ಟ.

ದಿಙ್ನಾಗ ಕುಗ್ಗಿಹೋದ. ಇಷ್ಟು ತರ್ಕ ಹೇಳಿ ಈ ಒಬ್ಬನನ್ನೇ ತಿದ್ದಲಾಗಲಿಲ್ಲ, ಲೋಕಕ್ಕೆ ನಾನೇನು ಮಾಡಿಯೇನು ಅನ್ನಿಸಿತು. ಕೈಯಲ್ಲಿದ್ದ ಬಳಪವನ್ನು ಮೇಲಕ್ಕೆಸೆದು, ಇದು ನೆಲಕ್ಕೆ ಬೀಳುವಷ್ಟರಲ್ಲಿ ಲೋಕದ ಹಿತದ ಸಂಕಲ್ಪ ಬಿಟ್ಟು ನನ್ನ ಪಾಡು ನಾನು ನೋಡಿಕೊಳ್ಳುತ್ತೇನೆ ಅಂತ ತೀರ್ಮಾನಿಸಿದ. ಬಳಪ ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಮಂಜುಶ್ರೀ ಅದನ್ನು ಹಿಡಿದು ನಿಂತಿದ್ದ. ಬೋಧಿಸತ್ವ ಸಮಾಧಾನ ಹೇಳಿದ, ಈ ಶಾಸ್ತ್ರ ಮುಂದಿನವರಿಗೆ ಕಣ್ಣಾಗುತ್ತದೆ ಅಂದ. ದಿಙ್ನಾಗ ಮತ್ತೆ ಬರೆಯೋಕೆ ಕೂತ. ಪವಾಡದ ಭಾಗ ಪಕ್ಕಕ್ಕಿಡೋಣ. ವಾದದಲ್ಲಿ ಗೆದ್ದರೂ ಎದುರಿನವನು ಬದಲಾಗದಿದ್ದಾಗ ಹುಟ್ಟುವ ಆ ಸುಸ್ತು ಇದೆಯಲ್ಲ, ಅದು ಈ ಕಾಲದಲ್ಲಿ ಅಂಕಣ ಬರೆಯುವವರಿಗೆ ಯಾರೂ ವಿವರಿಸಬೇಕಿಲ್ಲ.

ಈ ಗ್ರಂಥದಲ್ಲಿ ಆರು ಅಧ್ಯಾಯ. ಮೊದಲನೆಯದರಲ್ಲೇ ದೊಡ್ಡ ಕತ್ತರಿ ಪ್ರಯೋಗ ಇದೆ. ನಂಬಬಹುದಾದ ಜ್ಞಾನದ ಮೂಲಗಳು ಎರಡೇ, ಪ್ರತ್ಯಕ್ಷ ಮತ್ತು ಅನುಮಾನ. ನೈಯಾಯಿಕರು, ಮೀಮಾಂಸಕರು ಒಪ್ಪುತ್ತಿದ್ದ ಶಬ್ದಪ್ರಮಾಣ, ಅಂದರೆ ವೇದವಾಗಲಿ ಹಿರಿಯರಾಗಲಿ ಹೇಳಿದ್ದರಿಂದ ಬರುವ ಜ್ಞಾನ, ಪ್ರತ್ಯೇಕ ಮೂಲವಲ್ಲ. ಮಾತು ಕೆಲಸ ಮಾಡೋದೂ ಅನುಮಾನದ ಹಾಗೇ. ಹೊಗೆ ನೋಡಿ ಬೆಂಕಿ ಊಹಿಸ್ತೀವಿ, ಪದ ಕೇಳಿ ಅರ್ಥ ಊಹಿಸ್ತೀವಿ. ಹಾಗಂತ ದಿಙ್ನಾಗನೇನೂ ಶ್ರದ್ಧೆ ಇಲ್ಲದವನಲ್ಲ. ಬುದ್ಧನೇ ಪ್ರಮಾಣಸ್ವರೂಪ ಅಂತ ಮೊದಲ ಶ್ಲೋಕದಲ್ಲೇ ನಮಸ್ಕಾರ ಮಾಡಿದ್ದಾನೆ. ಅದನ್ನು ಇದರ ಜೊತೆ ಹೊಂದಿಸಿ ವಿವರಿಸೋಕೆ ಮುಂದಿನ ವ್ಯಾಖ್ಯಾನಕಾರರು ಬಹಳ ಬೆವರು ಹರಿಸಬೇಕಾಯ್ತು.

ಪ್ರತ್ಯಕ್ಷ ಅಂದರೆ ಅವನ ಪ್ರಕಾರ ಹೆಸರು, ಜಾತಿ, ಗುಣ ಇತ್ಯಾದಿ ಯಾವುದೂ ಸೇರಿಕೊಳ್ಳುವ ಮೊದಲಿನ ಬರೀ ಅನುಭವ. ಬೇಸಿಗೆಯಲ್ಲಿ ಒಂದು ರಸಪುರಿ ಮಾವು ಬಾಯಿಗಿಟ್ಟಾಗ ನಾಲಿಗೆಗೆ ಗೊತ್ತಾಗೋದು ಆ ಹಣ್ಣಿನ, ಆ ಗಳಿಗೆಯ ರುಚಿ. ಅದು ಇನ್ನೊಮ್ಮೆ ಬರಲ್ಲ. ಆದರೆ ‘ಮಾವು’ ಅಂದ ಕೂಡಲೇ ರಸಪುರಿ, ಬಾದಾಮಿ, ಉಪ್ಪಿನಕಾಯಿಯ ಮಿಡಿ ಎಲ್ಲ ಒಂದೇ ಚೀಲಕ್ಕೆ ಬಿದ್ದವು. ಅನುಭವಕ್ಕೆ ಸಿಗೋದು ಬಿಡಿ ಬಿಡಿ ಸಂಗತಿಗಳು, ಮಾತಿಗೆ ಸಿಗೋದು ಸಾಮಾನ್ಯ ಮಾತ್ರ. ವ್ಯಕ್ತಿಯ ಹೆಸರಿಗೆ ಸಂಸ್ಕೃತದ ಶಾಸ್ತ್ರಕಾರರು ಕೊಡುತ್ತಿದ್ದ ಉದಾಹರಣೆ ‘ಡಿತ್ಥ’. ಯಾವ ಅರ್ಥವೂ ಇಲ್ಲದ, ಸುಮ್ಮನೆ ಇಟ್ಟ ಹೆಸರು, ನಮ್ಮ ಪ್ರೋಗ್ರಾಮರ್‌ಗಳು ಫೂ, ಬಾರ್ ಅಂತ ಬರೀತಾರಲ್ಲ ಹಾಗೆ. ದಿಙ್ನಾಗನ ಪಟ್ಟಿಯಲ್ಲಿ ಅಂಥ ಹೆಸರು ಕೂಡ ಅನುಭವದ ಮೇಲೆ ನಾವು ಜೋಡಿಸುವ ಕಲ್ಪನೆಯೇ.

ಹಾಗಾದರೆ ಮಾತು ಹೇಗೆ ಕೆಲಸ ಮಾಡುತ್ತೆ? ಐದನೇ ಅಧ್ಯಾಯದ ವಿಷಯ ಇದು, ಹೆಸರು ಅಪೋಹ. ನೈಯಾಯಿಕರ ಉತ್ತರ ನೇರವಾಗಿತ್ತು. ಎಲ್ಲ ಹಸುಗಳಲ್ಲೂ ‘ಗೋತ್ವ’ ಅನ್ನೋ ಒಂದು ನಿತ್ಯವಾದ ಸಾಮಾನ್ಯ ಇದೆ, ಹಸು ಅನ್ನೋ ಪದ ಅದನ್ನು ಹಿಡಿಯುತ್ತೆ. ಆ ಸಾಮಾನ್ಯಕ್ಕೆ ಅವರ ಪಾರಿಭಾಷಿಕ ಪದ ‘ಜಾತಿ’. ದಿಙ್ನಾಗ ಒಪ್ಪಲಿಲ್ಲ. ಒಂದು ಪದವನ್ನು ನಾವು ಕಲಿಯೋದು ಹೇಗೆ ನೋಡಿ ಅಂದ. ಲೋಕದ ಎಲ್ಲ ಹಸುಗಳನ್ನು ಒಂದೊಂದಾಗಿ ತೋರಿಸಿ ಯಾರೂ ಕಲಿಸಲ್ಲ, ಅವಕ್ಕೆ ಲೆಕ್ಕವೇ ಇಲ್ಲ. ಕೆಲವು ಹಸುಗಳ ಮೇಲೆ ಆ ಪದ ಬಳಸೋದನ್ನು ನೋಡ್ತೀವಿ, ಹಸು ಅಲ್ಲದ್ದರ ಮೇಲೆ ಎಲ್ಲೂ ಬಳಸದೇ ಇರೋದನ್ನೂ ನೋಡ್ತೀವಿ. ಪದಕ್ಕೆ ಬಲ ಬರೋದು ಈ ಎರಡನೆಯದರಿಂದ. ಅಂಗಳದಲ್ಲಿ ಆಡುವ ಮಗು ಆಡನ್ನೂ ನಾಯಿ ಅನ್ನುತ್ತೆ, ಕರುವನ್ನೂ ನಾಯಿ ಅನ್ನುತ್ತೆ. ಅಲ್ಲ ಪುಟ್ಟಾ, ಅದಲ್ಲ ಅಂತ ನಾಲ್ಕು ಸಲ ತಿದ್ದಿದ ಮೇಲೆ ನಾಯಿ ಅಂದರೇನು ಅಂತ ಅದಕ್ಕೆ ಗೊತ್ತಾಗುತ್ತೆ. ಪದ ಯಾವುದರ ತಿರುಳನ್ನೂ ಮುಟ್ಟಲ್ಲ, ಉಳಿದದ್ದನ್ನು ದೂರ ಇಡುತ್ತೆ ಅಷ್ಟೇ. ಅಪೋಹ ಅಂದರೆ ಇದೇ, ಬೇರೆಯದನ್ನು ಹೊರಗಿಡೋದು.

ಮೊದಲು ಓದಿದಾಗ ನನಗೆ ಇದು ಕಣ್ಕಟ್ಟು ಅನ್ನಿಸಿತ್ತು. ಹಸು ಅಂದರೆ ‘ಹಸು-ಅಲ್ಲದ್ದು ಅಲ್ಲದ್ದು’ ಅಂದರೆ ಏನು ಹೇಳಿದ ಹಾಗಾಯ್ತು? ಒಂದು ಸಿಗ್ನಲ್ಲನ್ನು ಎರಡು ನಾಟ್ ಗೇಟ್ ಮೂಲಕ ಹಾಯಿಸಿದರೆ ಕೊಟ್ಟದ್ದೇ ವಾಪಸ್ ಬರುತ್ತೆ. ಇದಕ್ಕೆ ಇಷ್ಟು ದೊಡ್ಡ ಸಿದ್ಧಾಂತ ಯಾಕೆ? ಆಮೇಲೆ ಹೊಳೆಯಿತು. ಸರ್ಕ್ಯೂಟಿನಲ್ಲಿ ಮೂಲ ಸಿಗ್ನಲ್ ಮೊದಲೇ ಇರುತ್ತೆ. ದಿಙ್ನಾಗ ಹೇಳ್ತಿರೋದು ಅಂಥ ಮೂಲವೇ ಇಲ್ಲ ಅಂತ. ಬೇಲಿ ಹಾಕಿದ್ದರಿಂದ ಒಳಗಿನ ಜಾಗಕ್ಕೆ ಒಂದು ಹೆಸರು ಬಂದಿದೆ, ಒಳಗೆ ಆ ಹೆಸರಿನ ವಸ್ತು ಹೂತಿಟ್ಟಿಲ್ಲ. ಕೋಣೆಯಲ್ಲಿ ನಾಲ್ಕು ದೀಪ ಹಚ್ಚಿ ಹುಡುಕಿದ ಹುಡುಗ ಏನನ್ನು ಕಾಣಲಿಲ್ಲವೋ, ಅದನ್ನೇ ಮುದಿ ತಾರ್ಕಿಕ ಪದಗಳ ಒಳಗೂ ಹುಡುಕಿ ಕಾಣಲಿಲ್ಲ.

ವಿರೋಧ ಸುಮ್ಮನೆ ಇರಲಿಲ್ಲ. ನೈಯಾಯಿಕ ಉದ್ಯೋತಕರ ಕುತಾರ್ಕಿಕರ ಅಜ್ಞಾನ ಕಳೆಯೋಕೆ ಅಂತಲೇ ಗ್ರಂಥ ಬರೆದ, ಆ ಕುತಾರ್ಕಿಕರಲ್ಲಿ ಮೊದಲನೆಯವನು ದಿಙ್ನಾಗ. ಮೀಮಾಂಸಕ ಕುಮಾರಿಲಭಟ್ಟ ಕೇಳಿದ ಪ್ರಶ್ನೆ ಇನ್ನೂ ಚೂಪು: ಹಸು ಅಲ್ಲದ್ದು ಯಾವುದು ಅಂತ ಗೊತ್ತಾಗಬೇಕಾದರೆ ಹಸು ಗೊತ್ತಿರಬೇಕಲ್ಲ, ಇದು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರಲಿಲ್ಲವೇ? ಏಳನೇ ಶತಮಾನದ ಧರ್ಮಕೀರ್ತಿ ಇದಕ್ಕೆ ಉತ್ತರ ಕಟ್ಟಿದ. ಇದೇ ತೊಡಕು ನಿಮ್ಮ ಗೋತ್ವಕ್ಕೂ ಇದೆ. ವಸ್ತುಗಳು ಬೇರೆ ಬೇರೆಯಾಗಿದ್ದರೂ ಒಂದೇ ತರಹದ ಕೆಲಸಕ್ಕೆ ಬರುತ್ತವೆ, ಆ ಕಾರಣಕ್ಕೆ ಅವನ್ನು ಒಟ್ಟಿಗೆ ಸೇರಿಸ್ತೀವಿ ಅಂದ. ಜಗಳ ಮುಂದಿನ ಕೆಲವು ಶತಮಾನ ನಡೆಯಿತು. ನಮ್ಮ ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಜೈನ ತಾರ್ಕಿಕ ಅಕಳಂಕ ಬೌದ್ಧರನ್ನು ವಾದದಲ್ಲಿ ಸೋಲಿಸಿದ್ದನ್ನು ಕೊಂಡಾಡುತ್ತದೆ. ಆ ಅಕಳಂಕ ಮುಖ್ಯವಾಗಿ ಎದುರಿಸಿದ್ದು ಧರ್ಮಕೀರ್ತಿಯ ವಾದಗಳನ್ನು.

ಇದು ಬರೀ ಪಂಡಿತರ ಹಸುವಿನ ಜಗಳ ಅಂದುಕೊಳ್ಳಬೇಡಿ. ‘ಜಾತಿ’ ಅನ್ನೋ ಪದವನ್ನೇ ನೋಡಿ. ಹಸುವಿನಲ್ಲಿ ಗೋತ್ವ ಇರೋ ಹಾಗೆ ಬ್ರಾಹ್ಮಣನಲ್ಲಿ ಬ್ರಾಹ್ಮಣತ್ವ ಅನ್ನೋ ನಿಜವಾದ ಜಾತಿ ಇದೆ ಅಂತ ಕುಮಾರಿಲ ವಾದಿಸಿದ. ಬೌದ್ಧ ತಾರ್ಕಿಕರು ತಿರುಗಿಬಿದ್ದರು. ಹಸುವಿಗೂ ಕುದುರೆಗೂ ಇರೋ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ಇವರಿಬ್ಬರ ವ್ಯತ್ಯಾಸ ಯಾರಾದರೂ ಬಾಯಿಬಿಟ್ಟು ಹೇಳೋವರೆಗೂ ಕಾಣಲ್ಲವಲ್ಲ ಅಂದರು. ಜಾತಿಯ ಹೆಮ್ಮೆಯನ್ನು ಧರ್ಮಕೀರ್ತಿ ಜಡಬುದ್ಧಿಯ ಐದು ಗುರುತುಗಳಲ್ಲಿ ಒಂದು ಅಂತ ಪಟ್ಟಿ ಮಾಡಿದ. ದಿಙ್ನಾಗ ಜಾತಿವ್ಯವಸ್ಥೆಯ ವಿರುದ್ಧ ಹೋರಾಡಿದ ಅಂತ ನಾನು ಹೇಳ್ತಿಲ್ಲ, ಅವನ ವಿಷಯ ಪದದ ಅರ್ಥ. ಆದರೆ ಸಾಮಾನ್ಯ ಅನ್ನೋದು ವಸ್ತುವಿನೊಳಗೆ ಇಲ್ಲ, ನಾವು ಎಳೆದ ಗೆರೆಯಲ್ಲಿದೆ ಅಂತ ಅವನು ತೋರಿಸದಿದ್ದರೆ ಈ ಮುಂದಿನ ಮಾತಿಗೆ ನೆಲೆ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ ಒಬ್ಬರು ನನ್ನ ಹೆಸರು ಕೇಳಿದ ಮೇಲೆ ಪೂರ್ತಿ ಹೆಸರು ಕೇಳಿದರು, ಆಮೇಲೆ ಊರು, ಆಮೇಲೆ ಮನೆದೇವರು. ನಾನು ಯಾರು ಅಂತ ತಿಳಿಯುವ ಕುತೂಹಲ ಅಲ್ಲ ಅದು. ಯಾರನ್ನು ಹೊರಗಿಡಬೇಕು ಅನ್ನೋ ಲೆಕ್ಕ ಅದು.

ದಿಙ್ನಾಗನ ಕೊನೆಯ ದಿನಗಳು ಒಡಿಶಾದಲ್ಲೇ ಕಳೆದವು ಅಂತಾನೆ ತಾರಾನಾಥ. ಅಲ್ಲಿ ರಾಜನ ಮಂತ್ರಿಯೊಬ್ಬನ ತೋಟದಲ್ಲಿ ಊರವರಿಗೆಲ್ಲ ಔಷಧವಾಗಿದ್ದ ಅಳಲೆ ಮರ ಒಣಗಿಹೋಗಿತ್ತಂತೆ. ಜನರ ಹಿತಕ್ಕಾಗಿ ದಿಙ್ನಾಗ ಪ್ರಾರ್ಥಿಸಿದ, ಏಳು ದಿನಗಳಲ್ಲಿ ಮರ ಚಿಗುರಿತು. ಮಾತು ವಸ್ತುವನ್ನು ಮುಟ್ಟೋದೇ ಇಲ್ಲ ಅಂತ ಸಾಧಿಸಿದವನ ಮಾತಿಗೆ ಮರ ಚಿಗುರಿಸಿದ್ದಾರೆ ಕಥೆ ಕಟ್ಟಿದವರು. ಬೇರೆಯವರು ಅವನನ್ನು ಬೇರೆ ನೆಲದಲ್ಲೂ ನೆನೆದಿದ್ದಾರೆ. ಏಳನೇ ಶತಮಾನದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಆಂಧ್ರ ದೇಶದ ಒಂದು ಒಂಟಿ ಬೆಟ್ಟವನ್ನು ಅವನು ಶಾಸ್ತ್ರ ಬರೆದ ಜಾಗ ಅಂತ ದಾಖಲಿಸಿದ್ದಾನೆ. ಇಷ್ಟು ದೊಡ್ಡ ಹೆಸರು ಮಾಡಿದವನ ಹತ್ತಿರ ಸೇವೆಗೆ ಒಬ್ಬ ಆಳೂ ಇರಲಿಲ್ಲ. ಭಿಕ್ಷೆ ಎತ್ತಿಕೊಂಡು ಒಬ್ಬನೇ ಇದ್ದ, ಒಡಿಶಾದ ಕಾಡೊಂದರಲ್ಲಿ ಒಬ್ಬನೇ ತೀರಿಕೊಂಡ.

ಅವನು ಸತ್ತ ಮೇಲೆ ಅವನ ಪುಸ್ತಕಕ್ಕೂ ಅದೇ ಗತಿ ಬಂತು. ಪ್ರಮಾಣಸಮುಚ್ಚಯದ ಸಂಸ್ಕೃತ ಮೂಲ ಕಳೆದುಹೋಯ್ತು. ಉಳಿದದ್ದು ಎರಡು ಟಿಬೆಟನ್ ಅನುವಾದ, ಜೊತೆಗೆ ವಿರೋಧಿಗಳು ಖಂಡಿಸೋಕೆ ಅಂತ ಎತ್ತಿಕೊಂಡ ಚೂರುಪಾರು ಸಾಲುಗಳು. ದಿಙ್ನಾಗನನ್ನು ಉಳಿಸಿದವರಲ್ಲಿ ಅರ್ಧ ಜನ ಅವನನ್ನು ಅಲ್ಲಗಳೆದವರೇ. ಇದರಲ್ಲಿ ನಮ್ಮವರ ಪಾಲೂ ಇದೆ. ಎಚ್.ಆರ್. ರಂಗಸ್ವಾಮಿ ಅಯ್ಯಂಗಾರ್ ಟಿಬೆಟನ್ ಪಾಠ ಮತ್ತು ಆ ಚೂರುಗಳನ್ನು ಇಟ್ಟುಕೊಂಡು ಮೊದಲ ಅಧ್ಯಾಯವನ್ನು ಮತ್ತೆ ಸಂಸ್ಕೃತಕ್ಕೆ ಕಟ್ಟಿದರು. 1930ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಮುಂದೆ ಟಿಬೆಟ್ಟಿನಲ್ಲಿ ಉಳಿದಿದ್ದ ಜಿನೇಂದ್ರಬುದ್ಧಿಯ ಸಂಸ್ಕೃತ ಟೀಕೆಯ ಮೊದಲ ಅಧ್ಯಾಯ 2005ರಲ್ಲಿ ಅಚ್ಚಾಯಿತು, ಅದರಿಂದ ಮೂಲದ ಇನ್ನಷ್ಟು ಪದಗಳು ಕೈಗೆ ಬಂದವು. ಬಂಡೆಯ ಮೇಲಿನಿಂದ ಅಳಿಸಿದ್ದನ್ನು ಜನ ಈಗಲೂ ಕೂಡಿಸಿ ಬರೀತಾ ಇದ್ದಾರೆ.

ಮತ್ತೆ ಅಫಿಡವಿಟ್ಟಿಗೆ ಬರ್ತೀನಿ. ಆ ದಿನ ನನಗೆ ಗುಮಾಸ್ತರ ಮೇಲೆ ಸಿಟ್ಟು ಬಂದಿತ್ತು. ನಲವತ್ತು ವರ್ಷ ಆ ಹೊಲ ಉತ್ತವನು ಯಾರು ಅಂತ ಊರಿಗೇ ಗೊತ್ತು, ಇವರಿಗೇನು ಕಷ್ಟ ಅಂತ. ದಿಙ್ನಾಗನನ್ನು ಓದಿದ ಮೇಲೆ ಆ ಸಿಟ್ಟು ಇಳಿಯಿತು. ಗುಮಾಸ್ತರಿಗೆ ಅಪ್ಪ ಯಾರು ಅನ್ನೋದು ಬೇಕಾಗಿರಲಿಲ್ಲ, ಅದನ್ನು ಯಾವ ಕಾಗದವೂ ಹೇಳಲಾರದು. ನಮ್ಮೂರಲ್ಲಿ ಹೆಚ್ಚೂ ಕಡಿಮೆ ಅದೇ ಹೆಸರಿನವರು ಇನ್ನಿಬ್ಬರಿದ್ದಾರೆ. ಅಪ್ಪ ಅವರಲ್ಲ ಅನ್ನೋದಷ್ಟೇ ಅವರಿಗೆ ಬೇಕಿತ್ತು. ಹೆಸರಿನಿಂದ ಆಗುವ ಕೆಲಸ ಅಷ್ಟೇ. ಅದನ್ನು ಅದು ಚೆನ್ನಾಗಿಯೇ ಮಾಡುತ್ತೆ. ಹೆಸರಿನೊಳಗೆ ಅಪ್ಪನನ್ನು ಹುಡುಕಿದ್ದು ನನ್ನ ತಪ್ಪು.

ಮುಂದಿನ ವಾರ ನೋಟರಿಯ ಹತ್ತಿರ ಹೋದೆವು. ಅವರು ಅಮ್ಮನಿಗೆ ಗಂಡನ ಹೆಸರು ಹೇಳಿ ಅಂದರು. ಅಮ್ಮ ಸುಮ್ಮನಾದಳು. ಆಮೇಲೆ ನನ್ನ ಕಡೆ ನೋಡಿದಳು. ನಮ್ಮ ಕಡೆ ಆ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳೋ ಪದ್ಧತಿ ಇಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಆ ಮೂರು ಹೆಸರುಗಳಲ್ಲಿ ಒಂದನ್ನೂ ಅವಳು ಬಾಯಲ್ಲಿ ಆಡಿರಲಿಲ್ಲ. ಇವರು, ಅವರು, ನಿಮ್ಮಪ್ಪ ಅಂತಲೇ ನಡೆದಿತ್ತು. ಯಾರ ವಿಷಯ ಅಂತ ಮನೆಯಲ್ಲಿ ಒಬ್ಬರಿಗೂ ಒಂದು ದಿನವೂ ಗೊಂದಲ ಆಗಿರಲಿಲ್ಲ.

ಮೂರೂ ಹೆಸರನ್ನು ನಾನೇ ಹೇಳಿದೆ. ನೋಟರಿ ಬರೆದುಕೊಂಡರು. ಕೆಳಗೆ ಅಮ್ಮ ನಿಧಾನವಾಗಿ ತನ್ನ ಹೆಸರು ಬರೆದು ಸಹಿ ಮಾಡಿದಳು.